ಬಾಯಿಮಡು

ಮಾಟೆಂಗು ಊಟಕ್ಕೆ ಕೂತು ಮಾತಾಡುವ ಗಂಡಸಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ತಟ್ಟೆಯ ಮುಂದೆ ಅವನ ಬಾಯಿಂದ ಬಂದದ್ದು ಮೂರೇ ಮಾತು: ಉಪ್ಪು, ನೀರು, ಸಾಕು. ಅಂಥವನು ಆ ಜೂನ್ ತಿಂಗಳ ಸಂಜೆ ಮೆಕ್ಕೆಜೋಳದ ಮುದ್ದೆ ಮುರಿದು ಸಾರಿಗೆ ಅದ್ದಿ, ಬಾಯಿಗಿಡದೆ ಕೈಯಲ್ಲೇ ಹಿಡಿದುಕೊಂಡು, "ನೆಂಬ್ವೆ ಮೀನು ಬಿಸಿಲುಗಾಲದಲ್ಲಿ ಎಲ್ಲಿಗೆ ಹೋಗುತ್ತೆ ಕಣೆ?" ಎಂದು ಕೇಳಿದಾಗ ನಸಿಲೆಲೆ ಸೌಟು ಹಿಡಿದವಳು ಹಾಗೇ ನಿಂತಳು.

"ಯಾರನ್ನ ಕೇಳ್ತಿದೀರಿ? ನನ್ನನ್ನಾ?"

"ಇನ್ಯಾರಿದಾರೆ ಇಲ್ಲಿ?"

ಇದ್ದರು. ಅತ್ತೆ ಮುಟೋಂಗಾ ಒಲೆಯ ಆಚೆ ಮಣೆ ಹಾಕಿಕೊಂಡು ನಶ್ಯ ಏರಿಸುತ್ತಿದ್ದಳು. ಮಗಳು ಲಿಕೇಜೊ ತನ್ನ ಖಾಕಿ ಅಂಗಿಗೆಂದು ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು. ಪಟ್ಟಣದ ಹಾಸ್ಟೆಲಿನಲ್ಲಿದ್ದು ಓದು ಮುಗಿಸಿ ಬಂದ ಹುಡುಗಿಗೆ ಮೇ ತಿಂಗಳಲ್ಲಷ್ಟೇ ಊರಿನ ವನ್ಯಜೀವಿ ಸಮಿತಿಯಲ್ಲಿ ಮೀನು ಕಾಯುವ ಕೆಲಸ ಸಿಕ್ಕಿತ್ತು. ಸಣ್ಣ ಕಣ್ಣಿನ ಬಲೆ ಹಾಕಿದವರನ್ನು ಹಿಡಿಯಬೇಕು, ಬಲೆ ಕಿತ್ತುಕೊಳ್ಳಬೇಕು, ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಅಪ್ಪನೇ ಓಡಾಡಿ ಕೊಡಿಸಿದ ಕೆಲಸ ಅದು.

ಮಾಟೆಂಗು ಇಪ್ಪತ್ತು ವರ್ಷದಿಂದ ಕೋಬಸ್ ಎಂಬ ಬಿಳಿಯನ ಬೇಟೆ ಕ್ಯಾಂಪಿನಲ್ಲಿ ಹೆಜ್ಜೆ ನೋಡುವವನು. ದೂರದ ದೇಶಗಳಿಂದ ಬಂದೂಕು ಹಿಡಿದು ಬಂದವರ ಮುಂದೆ ಇವನು ನಡೆಯುತ್ತಿದ್ದ. ಬಾಗಿದ ಹುಲ್ಲು ನೋಡಿ ಕಾಡೆಮ್ಮೆಯ ವಯಸ್ಸು ಹೇಳುತ್ತಿದ್ದ, ಅದಕ್ಕೆ ಸಿಟ್ಟು ಬಂದಿದೆಯೋ ಇಲ್ಲವೋ ಅದನ್ನೂ ಹೇಳುತ್ತಿದ್ದ. ಮೊದಲೆಲ್ಲ ಒಂದು ಆನೆ ಬಿದ್ದರೆ ಊರಿಗೆಲ್ಲ ಮಾಂಸ ಬರುತ್ತಿತ್ತು. ಈ ಸಲ ಬಂದ ಬೇಟೆಗಾರರು ಮೂರೇ ಜನ. ಕೊಂದ ಪ್ರಾಣಿಯ ತಲೆಯನ್ನು ಅವರ ದೇಶದೊಳಕ್ಕೆ ಬಿಡುವುದಿಲ್ಲವಂತೆ, ವಿಮಾನದವರು ಹತ್ತಿಸಿಕೊಳ್ಳುವುದಿಲ್ಲವಂತೆ, ಮನೆಗೆ ಹೋದರೆ ಹೆತ್ತ ಮಕ್ಕಳೇ ಛೀಮಾರಿ ಹಾಕುತ್ತಾರಂತೆ. ಕೋಬಸ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಇನ್ನು ಹತ್ತು ವರ್ಷಕ್ಕೆ ಬಂದೂಕು ಗೋಡೆಗೆ ನೇತಾಡುತ್ತೆ, ಉಳಿಯೋದು ಗಾಳ ಮಾತ್ರ, ಮೀನು ಗೊತ್ತಿರುವವರು ಇರಿ, ಇಲ್ಲದವರು ಬೇರೆ ಕೆಲಸ ನೋಡಿಕೊಳ್ಳಿ ಎಂದುಬಿಟ್ಟಿದ್ದ.

ಮಾಟೆಂಗುವಿಗೆ ಮೀನೆಂದರೆ ತಟ್ಟೆಯಲ್ಲಿ ಕಂಡದ್ದು ಅಷ್ಟೇ. ನೀರು ಕಂಡರೆ ಮೊಸಳೆ ನೆನಪಾಗುವ ಗಂಡಸು ಅವನು.

ನಸಿಲೆಲೆ ಹೇಳಿದಳು. ಜಾಂಬೆಜಿ ನದಿಯ ನೆರೆ ಇಳಿದ ಮೇಲೆ ಬಯಲಿನಲ್ಲಿ ಅಲ್ಲಲ್ಲಿ ನೀರು ನಿಲ್ಲುತ್ತದೆ. ಅದರಲ್ಲಿ ಒಂದು ಬಾಯಿಮಡು. ಅದು ಹೆಂಗಸರ ಮಡು. ಸೆಪ್ಟೆಂಬರಿನಲ್ಲಿ ಊರಿನ ಹೆಂಗಸರೆಲ್ಲ ಬುಟ್ಟಿ ಹಿಡಿದು ಸಾಲಾಗಿ ಇಳಿಯುವುದು ಅಲ್ಲಿ. ಎಲ್ಲಿದೆ, ಹೇಗೆ ಹೋಗಬೇಕು, ಒಳಗೇನಿದೆ ಎಂದು ಗಂಡಸರು ಕೇಳುವುದಿಲ್ಲ, ಹೆಂಗಸರು ಹೇಳುವುದಿಲ್ಲ. ಹಾಗೆ ನಡೆದು ಬಂದಿದೆ. ಆದರೆ ಕೇಳಿದವನು ಕಟ್ಟಿಕೊಂಡ ಗಂಡ. ಕೆಲಸ ಹೋಗುತ್ತದೆಂದು ಮುಖ ಬಾಡಿಸಿಕೊಂಡು ಕೂತಿದ್ದಾನೆ. ಅದಕ್ಕಿಂತ ಹೆಚ್ಚಾಗಿ, ಈ ಮನುಷ್ಯ ಇಷ್ಟು ವರ್ಷದಲ್ಲಿ ಮೊದಲ ಸಲ ತನ್ನಿಂದ ಏನನ್ನೋ ಕೇಳಿ ತಿಳಿದುಕೊಳ್ಳುತ್ತಿದ್ದಾನೆ. ಆ ಖುಷಿಗೆ ಅವಳ ನಾಲಿಗೆ ಸಡಿಲವಾಯಿತು.

"ನೆಂಬ್ವೆ ಮೊಟ್ಟೆ ಇಟ್ಟು ಬಾಯೊಳಗೆ ತುಂಬ್ಕೊಳುತ್ತೆ ಕಣ್ರೀ. ಮರಿ ಆದ್ಮೇಲೂ ಬಾಯಲ್ಲೇ. ಅಷ್ಟೂ ದಿನ ಪಾಪ ಊಟ ಇಲ್ಲ ಅದಕ್ಕೆ. ನಾವು ಹಿಡಿದ ತಕ್ಷಣ ನೀರೊಳಗೇ ಗದ್ದ ಒತ್ತಿ ನೋಡ್ತೀವಿ. ಹೀಗೆ." ಅವಳು ಹೆಬ್ಬೆರಳಿನಿಂದ ಗಂಡನ ಗದ್ದ ಒತ್ತಿದಳು. ಅವನು ನಕ್ಕ. "ಮರಿ ಕಂಡ್ರೆ ಮುಟ್ಟೋಹಾಗಿಲ್ಲ. ಬರೀ ಬಾಯಿ ಇರೋದನ್ನ ಮಾತ್ರ ಮನೆಗೆ ತರೋದು."

ಮಾಟೆಂಗು ಕಡ್ಡಿ ತೆಗೆದುಕೊಂಡು ಒಲೆಯ ಬೂದಿಯಲ್ಲಿ ದಾರಿ ಗೀಚಿದ. "ಇಲ್ಲಿಂದ ಎಡಕ್ಕಾ? ಆಪಿನ ಹುಲ್ಲಿನ ಈಚೆಗಾ, ಆಚೆಗಾ?"

"ಲಿಕೇಜೊನ ಅಮ್ಮಾ," ಎಂದು ಅತ್ತೆ ಸೊಸೆಯನ್ನು ಕರೆದಳು, "ಸಾರು ಸೀಯ್ತಾ ಇದೆ ನೋಡು."

ಸಾರು ಒಲೆಯ ಮೇಲೆ ಇರಲೇ ಇಲ್ಲ. ನಸಿಲೆಲೆಗೆ ಅದು ಅರ್ಥವಾಗಬೇಕಿತ್ತು, ಆಗಲಿಲ್ಲ. ಹೇಳಬೇಕಾದದ್ದು ಇನ್ನೂ ಸ್ವಲ್ಪ ಉಳಿದಿತ್ತು, ಮುದ್ದೆ ಆರುತ್ತದೆಂದು ಅಲ್ಲಿಗೆ ನಿಲ್ಲಿಸಿ ಮೀನಿನ ತಲೆಯನ್ನು ಗಂಡನ ತಟ್ಟೆಗೆ ಹಾಕಿದಳು. ಆ ಮನೆಯಲ್ಲಿ ಮೀನಿನ ತಲೆ ಯಾವಾಗಲೂ ಅತ್ತೆಯದು.

ಜುಲೈ ತಿಂಗಳು ಮನೆಯಲ್ಲಿ ಹಬ್ಬದಂತೆ ಕಳೆಯಿತು. ಮಾಟೆಂಗು ಮೀನು ಗೈಡ್ ಆದ. ಕ್ಯಾಂಪಿನವರು ಹಸಿರು ಟೋಪಿ ಕೊಟ್ಟರು. ಹೆಂಡತಿಗೆ ಸೊಂಟಕ್ಕೆ ಸುತ್ತುವ ಹೊಸ ಬಟ್ಟೆ ಬಂತು, ಅಡುಗೆಮನೆಗೆ ಸಕ್ಕರೆ, ಎಣ್ಣೆ ಬಂತು. ಬೆಳಿಗ್ಗೆ ಎದ್ದವನೇ ಅಂಗಳದಲ್ಲಿ ಕೋಲು ಹಿಡಿದು ಗಾಳ ಎಸೆಯುವುದನ್ನು ಅಭ್ಯಾಸ ಮಾಡುತ್ತಿದ್ದ. ದಾರದ ತುದಿಗೆ ಎರೆಹುಳ ಇಲ್ಲ, ಮೀನಿನ ಆಕಾರದ ಒಂದು ತಗಡು.

"ಏನೋ ಅದು?" ಎಂದಳು ಅವನ ತಾಯಿ.

"ಈ ಅತಿಥಿಗಳು ಎರೆ ಮುಟ್ಟಲ್ಲಮ್ಮ. ತಗಡಿನ ಮೀನು ಎಸೀತಾರೆ. ನಿಜವಾದ ಮೀನು ಇದನ್ನ ಮೀನು ಅಂದ್ಕೊಂಡು ಬಾಯಿ ಹಾಕುತ್ತೆ."

ಹೇಳುತ್ತ ಎಸೆದದ್ದು ಗಾಳಿಗೆ ತಿರುಗಿ ಹುಂಜದ ರೆಕ್ಕೆಗೆ ಸಿಕ್ಕಿಕೊಂಡಿತು. ಹುಂಜ ಮನೆ ಸುತ್ತ ಓಡಿತು, ದಾರ ಹಿಡಿದು ಮಾಟೆಂಗು ಅದರ ಹಿಂದೆ ಓಡಿದ. ಲಿಕೇಜೊ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಕಾಡೆಮ್ಮೆ ಹಿಡೀತಿದ್ದೋನು ಈಗ ಕೋಳಿಗೆ ಬಂದ," ಎಂದಳು ಮುದುಕಿ. "ಹಿಡಿದ ಮೀನು ಏನ್ ಮಾಡ್ತಾರೆ? ಉಪ್ಪು ಹಚ್ತಾರಾ, ಒಣಗಿಸ್ತಾರಾ?"

"ಬಿಟ್ಬಿಡ್ತಾರಮ್ಮ. ಫೋಟೋ ಹಿಡ್ಕೊಂಡು ನೀರಿಗೆ ಬಿಟ್ಬಿಡ್ತಾರೆ."

"ತಿನ್ನೋಕೂ ಅಲ್ಲ, ಮಾರೋಕೂ ಅಲ್ಲ? ಅದರ ಬಾಯಿ ಹರಿಯೋಕೆ ಅಷ್ಟು ದೂರದಿಂದ ಬರ್ತಾರಾ?"

"ಮುಂದಿನ ಕಾಲ ಇದೇ ಅಜ್ಜಿ," ಎಂದಳು ಲಿಕೇಜೊ. "ಮೀನೂ ಉಳಿಯುತ್ತೆ, ಕೆಲಸಾನೂ ಉಳಿಯುತ್ತೆ."

ಮುದುಕಿ ನಶ್ಯದ ಡಬ್ಬಿ ತೆರೆದಳು.

ಅದೇ ವಾರ ಅವಳು ಸೊಸೆಯನ್ನು ತನ್ನ ಗುಡಿಸಿಲಿಗೆ ಕರೆದು ಸೂರಿನಿಂದ ಬುಟ್ಟಿ ಇಳಿಸಿದಳು. ಬೆತ್ತದಂಥ ಕಡ್ಡಿಗಳನ್ನು ಹೆಣೆದ ಬುಟ್ಟಿ, ತಳವಿಲ್ಲ, ಕೆಳಗೆ ಅಗಲ ಬಾಯಿ, ಮೇಲೆ ಕೈ ಹೋಗುವಷ್ಟು ತೂತು. ಮುದುಕಿಗೆ ಅವಳ ಅತ್ತೆಯಿಂದ ಬಂದದ್ದು. ಪ್ರತಿ ವರ್ಷ ಬಾಯಿಮಡುವಿಗೆ ಮೊದಲು ಇಳಿಯುವುದು ಈ ಬುಟ್ಟಿ, ಉಳಿದವರೆಲ್ಲ ಇದರ ಹಿಂದೆ. ಯಾವ ದಿನ ಇಳಿಯಬೇಕು, ಯಾವ ಕಡೆ ಬಿಡಬೇಕು, ಯಾವಾಗ ಸಾಕು ಎಂದು ಹೊರಡಬೇಕು, ಎಲ್ಲಾ ಈ ಬುಟ್ಟಿ ಹಿಡಿದವಳ ಮಾತು.

"ನನ್ನ ಸೊಂಟ ಬಿದ್ದುಹೋಯ್ತು ಕಣೆ. ಈ ಸಲ ನೀನೇ ಮೊದಲು ಇಳಿ."

ನಸಿಲೆಲೆ ನೆಲಕ್ಕೆ ಮಂಡಿಯೂರಿ, ಹಿರಿಯರಿಗೆ ಮಾಡುವಂತೆ ಮೆಲ್ಲಗೆ ಎರಡೂ ಕೈ ತಟ್ಟಿದಳು. ಇಪ್ಪತ್ತೆರಡು ವರ್ಷ ಈ ಮನೆಯ ಕಲ್ಲು ಮಣ್ಣು ಹೊತ್ತದ್ದಕ್ಕೆ ಕೊನೆಗೂ ಒಂದು ಬೆಲೆ ಬಂತಲ್ಲ ಎಂದು ಬುಟ್ಟಿಯನ್ನು ಎದೆಗೆ ಅವುಚಿಕೊಂಡಳು.

ಆಗಸ್ಟಿನ ಕೊನೆಯಲ್ಲಿ ಲಿಕೇಜೊ ಒಂದು ಹಲಗೆ ತಂದು ಅಂಗಳದಲ್ಲಿ ಹಾಕಿಕೊಂಡು ಬಣ್ಣ ಬಳಿಯಲು ಕೂತಳು. ನಸಿಲೆಲೆ ಮೆಕ್ಕೆಜೋಳ ಕುಟ್ಟುತ್ತಿದ್ದಳು.

"ಏನೇ ಬರೀತಿದೀಯಾ?"

"ಸಮಿತಿ ಬೋರ್ಡಮ್ಮ. ಇದು ಮೀನು ಮರಿ ಮಾಡೋ ಜಾಗ, ಬಲೆ, ಬುಟ್ಟಿ ಹಾಕಬಾರದು ಅಂತ. ಹಾಕಿದ್ರೆ ಕಿತ್ಕೊಳ್ತೀವಿ."

"ಒಳ್ಳೇದೇ. ಯಾವ ಜಾಗ?"

ಲಿಕೇಜೊ ಕೊನೆಯ ಅಕ್ಷರ ತಿದ್ದಿ ಓದಿದಳು. "ಬಾಯಿಮಡು."

ಒನಕೆ ಮೇಲೆ ಹೋದದ್ದು ಕೆಳಗೆ ಬರಲಿಲ್ಲ. ಆ ಹೆಸರು ಸರಕಾರದ ನಕ್ಷೆಯಲ್ಲಿಲ್ಲ, ಗಂಡಸರ ಬಾಯಲ್ಲಿಲ್ಲ. ಈ ಹುಡುಗಿ ಹಾಸ್ಟೆಲಿನಲ್ಲಿದ್ದವಳು, ಒಮ್ಮೆಯೂ ಮಡುವಿಗೆ ಇಳಿದಿಲ್ಲ, ಒಲೆಯ ಮುಂದೆ ಹೆಸರು ಕಿವಿಗೆ ಬಿದ್ದಿದ್ದರೂ ದಾರಿ ಗೊತ್ತಿಲ್ಲ.

"ಸಮಿತಿಯೋರಿಗೆ ಈ ಜಾಗ ಯಾರು ಹೇಳಿದ್ರು?"

"ಅಪ್ಪನೇ ನಕ್ಷೆ ಬರ್ದು ಸಮಿತಿಗೆ ಕೊಟ್ಟಿದ್ದು. ಯಾಕಮ್ಮ? ನಿಂಗೆ ಗೊತ್ತಿಲ್ವಾ?"

ಮಾಟೆಂಗು ಸಂಜೆ ಬಂದು ಟೋಪಿ ಮೊಳೆಗೆ ಹಾಕುವ ಮುಂಚೆಯೇ ಅವಳು ಎದುರು ನಿಂತಳು.

"ನಾನು ಹೇಳಿದ್ದು ಗಂಡನಿಗೆ. ನೀವು ಹೇಳಿದ್ದು ಯಾರಿಗೆ?"

"ಕೂಗಬೇಡ. ಮೀನು ಕಮ್ಮಿ ಆಗ್ತಿದೆ ಅಂತ ನೀವೇ ಅಲ್ವಾ ವರ್ಷಾ ವರ್ಷಾ ಅಳೋದು? ಈಗ ಯಾರೂ ಹಿಡಿಯೋ ಹಾಗಿಲ್ಲ. ಮರಿ ಉಳಿಯುತ್ತೆ."

"ಯಾರೂ ಅಂದ್ರೆ ಯಾರೂ?"

ಅವನು ಕಾಲು ತೊಳೆಯುವ ನೆಪದಲ್ಲಿ ಬಗ್ಗಿದ. "ಕ್ಯಾಂಪಿನ ಅತಿಥಿಗಳಿಗೆ ಅಡ್ಡಿ ಇಲ್ಲ. ಅವರು ಹಿಡಿದು ಬಿಡ್ತಾರಲ್ಲ."

"ನಾವೂ ಬಿಡ್ತೀವಲ್ಲ!"

"ನೀವು ತಿಂತೀರ."

"ತಿನ್ನಬೇಕಾದ್ದು ತಿಂತೀವಿ, ಬಿಡಬೇಕಾದ್ದು ಬಿಡ್ತೀವಿ. ನಿಮ್ಮ ಗದ್ದ ಒತ್ತಿ ತೋರಿಸ್ಲಿಲ್ವಾ ನಾನು? ಇಲ್ಲೇ, ಇದೇ ಒಲೆ ಮುಂದೆ!"

"ನೋಡೇ," ಎಂದ ಮಾಟೆಂಗು, ಈಗ ಅವನ ದನಿಯೂ ಏರಿತು. "ನಂಗೆ ನಲವತ್ತೆಂಟು. ನಂಗೆ ಗೊತ್ತಿರೋದು ಹೆಜ್ಜೆ ನೋಡೋದು ಒಂದೇ, ಆ ಹೆಜ್ಜೆ ಈಗ ಯಾರಿಗೂ ಬೇಡ. ಕೋಬಸ್ಸಿಗೆ ನಾನು ಬರೀ ಕೈ ತೋರಿಸಕ್ಕಾಗುತ್ತಾ? ಈ ಮಡು ತೋರಿಸಿದ್ದಕ್ಕೆ ನನ್ನನ್ನ ಹಿರೇ ಗೈಡ್ ಮಾಡಿದಾರೆ. ಯಾರ ಹೊಟ್ಟೆಗೆ ಮಾಡಿದ್ದು ಇದೆಲ್ಲ?"

"ಕೇಳಿದ್ದಿದ್ರೆ ಸಾಕಿತ್ತು. ಹೆಂಗಸರನ್ನ ಒಂದು ಮಾತು ಕೇಳಿದ್ದಿದ್ರೆ ಸಾಕಿತ್ತು."

"ಕೇಳಿದ್ರೆ ಕೊಡ್ತಿದ್ರಾ?"

ಕೊಡುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಮರುದಿನದಿಂದ ಮುಟೋಂಗಾ ತನ್ನ ಗುಡಿಸಿಲ ಮುಂದೆ ಮೂರು ಕಲ್ಲು ಇಟ್ಟು ಬೇರೆ ಒಲೆ ಹೂಡಿದಳು. ಆಟಿಕೆಯಂಥ ಪುಟ್ಟ ಪಾತ್ರೆಯಲ್ಲಿ ತನ್ನ ಮುದ್ದೆ ತಾನೇ ತಿರುವಿಕೊಂಡಳು.

"ಅತ್ತೆ, ಇದೇನು? ಊರೋರು ನೋಡಿದ್ರೆ ಏನಂತಾರೆ?"

"ನೋಡ್ಲಿ ಅಂತಾನೇ ಇಟ್ಟಿದ್ದು. ಅವನು ಗಂಡಸು, ಅವನು ಕದ್ದ. ನೀನು ಬೀಗ ತೆಗೆದುಕೊಟ್ಟೆ. ಬುಟ್ಟಿ ನಿನ್ನ ಹತ್ರಾನೇ ಇರಲಿ, ತಿರುಗಿ ತಗೊಳ್ಳೋಷ್ಟು ಸಣ್ಣವಳಲ್ಲ ನಾನು. ಆದ್ರೆ ನಿನ್ನ ಒಲೆ ಅನ್ನ ನಂಗೆ ಬೇಡ."

ಕೊಳವೆಬಾವಿಯ ಹತ್ತಿರ ಇನ್ನೂ ಕಷ್ಟವಾಯಿತು. ನಸಿಲೆಲೆ ಬಂದರೆ ಮಾತು ನಿಲ್ಲುತ್ತಿತ್ತು. ಪಕ್ಕದ ಮನೆಯ ಕಹುಂದು ಒಬ್ಬಳೇ ಮುಖಕ್ಕೆ ಹೊಡೆದಂತೆ, "ಹೊಸ ಬಟ್ಟೆ ಚೆನ್ನಾಗಿದೆ ಲಿಕೇಜೊ ಅಮ್ಮ. ಒಂದು ಮಡುವಿಗೆ ಎಷ್ಟು ಗಜ ಬರುತ್ತೆ?" ಎಂದು ಕೇಳಿದಳು. ನಸಿಲೆಲೆ ಮನೆಗೆ ಬಂದು ಆ ಬಟ್ಟೆ ಬಿಚ್ಚಿ ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಮೋಸ ಮಾಡಿದವನು ಟೋಪಿ ಹಾಕಿಕೊಂಡು ತಿರುಗುತ್ತಿದ್ದಾನೆ, ಮೋಸ ಹೋದವಳ ಮೇಲೆ ಊರೆಲ್ಲ ಉಗುಳುತ್ತಿದೆ. ಇದ್ಯಾವ ನ್ಯಾಯ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಸೆಪ್ಟೆಂಬರಿನ ಎರಡನೇ ವಾರ ಲಿಕೇಜೊ ಮೊಬೈಲು ಹಿಡಿದು ಓಡಿಬಂದಳು. ಕ್ಯಾಂಪಿನವರು ಹಾಕಿದ ಫೋಟೋದಲ್ಲಿ ಅಪ್ಪ ಬಂದಿದ್ದಾನೆ. ದೋಣಿಯಲ್ಲಿ ನಗುತ್ತ ನಿಂತಿದ್ದಾನೆ. ಪಕ್ಕದಲ್ಲಿ ಬಿಳಿ ಟೋಪಿಯ ಅತಿಥಿ. ಅಪ್ಪನ ಹೆಬ್ಬೆರಳು ದೊಡ್ಡದೊಂದು ನೆಂಬ್ವೆಯ ಬಾಯೊಳಗೆ, ಕೆಳದವಡೆ ಹಿಡಿದು ಎತ್ತಿದ್ದಾನೆ.

"ನೋಡಮ್ಮ, ಅಪ್ಪ ಎಷ್ಟು ಚೆನ್ನಾಗಿ ಬಂದಿದಾನೆ!"

ನಸಿಲೆಲೆ ಗಂಡನನ್ನು ನೋಡಲಿಲ್ಲ. ದೋಣಿಯ ತಳ ನೋಡಿದಳು. ಅವನ ಬೂಟಿನ ಸುತ್ತ ಹಿಡಿ ಸಾಸಿವೆ ಚೆಲ್ಲಿದಂತೆ ಬೂದುಬಣ್ಣದ ಚುಕ್ಕೆಗಳಿದ್ದವು.

"ಇದೇನು ಹೇಳು."

"ಏನೋ ಕಸ."

"ಕಸ ಅಲ್ವೇ. ಮರಿ. ಇನ್ನೂರೋ ಮುನ್ನೂರೋ. ಹೆಬ್ಬೆರಳು ಇಟ್ಟಿದಾರಲ್ಲ, ಅಲ್ಲಿದ್ದಿದ್ದು."

ಲಿಕೇಜೊ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದಳು. ಹಿಗ್ಗಿಸಿದಷ್ಟೂ ಅವಳ ಮುಖ ಕುಗ್ಗಿತು. "ಅಪ್ಪಂಗೆ ಗೊತ್ತಿರಲಿಲ್ವೇನೋ," ಎಂದಳು.

"ನಾನೇ ಹೇಳಿದ್ದೆ, ಜೂನ್‌ನಲ್ಲಿ. ನೀನೂ ಅಲ್ಲೇ ಇದ್ದೆ, ಇಸ್ತ್ರಿಗೆ ಕೆಂಡ ತುಂಬ್ತಿದ್ದೆ."

ಹೆಂಗಸರು ಊರಿನ ಖುತಾಕ್ಕೆ ದೂರು ಕೊಟ್ಟಿದ್ದರು. ಖುತಾ ಎಂದರೆ ದೊಡ್ಡ ಮರದಡಿ ಹಿರಿಯರು ಕೂತು ನ್ಯಾಯ ಹೇಳುವ ಜಾಗ. ಅದು ಸೇರುವ ದಿನ ಬೆಳಿಗ್ಗೆ ಮಾಟೆಂಗು ತಾನಾಗಿಯೇ ಸೌದೆ ಒಡೆದುಕೊಟ್ಟ. ಇಪ್ಪತ್ತೆರಡು ವರ್ಷದಲ್ಲಿ ಅದೂ ಮೊದಲನೆಯ ಸಲ. ನಸಿಲೆಲೆ ಈಗ ಇಂಥ ಮೊದಲ ಸಲಗಳಿಗೆ ಹೆದರುವುದನ್ನು ಕಲಿತಿದ್ದಳು.

"ಆ ಫೋಟೋ ವಿಷಯ ಎತ್ತಬೇಡ ಕಣೆ. ಕೆಲಸ ಹೋಗುತ್ತೆ. ನನ್ನದೂ, ಮಗಳದೂ."

"ಎತ್ತಲ್ಲ. ನೀವೇ ಹೇಳಿ. ಮರಿ ಸತ್ತಿದ್ದು ನಿಜ, ಇನ್ಮೇಲೆ ಈ ತಿಂಗಳು ಅತಿಥಿಗಳನ್ನ ಅಲ್ಲಿಗೆ ಕರ್ಕೊಂಡು ಹೋಗಲ್ಲ ಅನ್ನಿ. ಹೆಂಗಸರು ಯಾವಾಗ ಇಳೀಬೇಕು ಅಂತ ಅವರೇ ಹೇಳ್ಲಿ ಅನ್ನಿ. ಅಷ್ಟಂದ್ರೆ ಯಾರೂ ನಿಮ್ಮ ಕೆಲಸ ಕೇಳಲ್ಲ. ನಾನು ತುಟಿ ಪಿಟಕ್ ಅನ್ನಲ್ಲ."

ಅವನು ಕೊಡಲಿ ಕೆಳಗಿಟ್ಟ. "ಹೇಳ್ತೀನಿ."

"ಆಣೆ?"

"ಹೇಳ್ತೀನಿ ಅಂದ್ನಲ್ಲ."

ಖುತಾದಲ್ಲಿ ಗಂಡಸರು ಕುರ್ಚಿಯಲ್ಲಿ, ಹೆಂಗಸರು ನೆಲದ ಮೇಲೆ. ಕಹುಂದು ಕೈ ತಟ್ಟಿ ವಂದಿಸಿ ದೂರು ಹೇಳಿದಳು. ನಮ್ಮ ಅಜ್ಜಿಯರ ಕಾಲದಿಂದ ಕಾದುಕೊಂಡು ಬಂದ ಮಡುವಿಗೆ ನಮ್ಮನ್ನೇ ಬೇಡ ಎಂದು ಹಲಗೆ ಹಾಕಿದ್ದಾರೆ, ಮೀನು ಉಳಿಸುತ್ತೇವೆ ಎನ್ನುವವರ ದೋಣಿಯಲ್ಲೇ ಮರಿ ಸತ್ತಿವೆ ಎಂದಳು. ಫೋಟೋ ಊರಿನ ಅರ್ಧ ಮೊಬೈಲುಗಳಲ್ಲಿ ಆಗಲೇ ಓಡಾಡಿತ್ತು.

ಊರ ಯಜಮಾನ ಮಾಟೆಂಗುವಿನ ಕಡೆ ತಿರುಗಿದ. "ಏನಪ್ಪಾ ಅದು, ದೋಣಿ ತಳದಲ್ಲಿ?"

ಮಾಟೆಂಗು ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ಎರೆ ಯಜಮಾನ್ರೆ. ಗಾಳದ ಎರೆ ಚೆಲ್ಲಿತ್ತು."

"ಹೌದಾ?" ಎಂದಳು ಮುಟೋಂಗಾ, ಕೈ ತಟ್ಟದೆ, ಅಪ್ಪಣೆ ಕೇಳದೆ. "ಹಾಗಾದ್ರೆ ನಮ್ಮನೆ ಹುಂಜ ತಗಡು ಸಿಕ್ಕಿಸ್ಕೊಂಡು ಓಡಿದ್ದು ಸುಳ್ಳಾ ಮಗಾ?"

ಹೆಂಗಸರ ಕಡೆ ನಗು ಎದ್ದಿತು. ಯಜಮಾನ ಸುಮ್ಮನಿರಿ ಎಂದು ಕೋಲು ಕುಟ್ಟಿದ. ನಗು ಕೇಳಿ ಮಾಟೆಂಗುವಿನ ಮುಖ ಕೆಂಡವಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ನಸಿಲೆಲೆ ಹೇಗೋ ನುಂಗಿಕೊಳ್ಳುತ್ತಿದ್ದಳೋ ಏನೋ. ಅವನು ನಿಲ್ಲಿಸಲಿಲ್ಲ.

"ಮಡು ಬರಿದಾಗ್ತಿರೋದು ನನ್ನಿಂದ ಅಲ್ಲ ಯಜಮಾನ್ರೆ. ಬಾಯಲ್ಲಿ ಮರಿ ಇರೋ ಮೀನನ್ನೇ ಇವರು ಹಿಡಿದು ಸಾರು ಮಾಡ್ತಾರೆ. ಯಾರೋ ಹೇಳಿದ ಮಾತಲ್ಲ, ನನ್ನ ಹೆಂಡ್ತಿನೇ ನಂಗೆ ಹೇಳಿದ್ದು. ಅದಕ್ಕೇ ನಾನು ಸಮಿತಿಗೆ ಹೋಗಿದ್ದು."

ಅಲ್ಲಿದ್ದ ಹೆಂಗಸರೆಲ್ಲ ನಸಿಲೆಲೆಯನ್ನು ನೋಡಿದರು. ಅವಳು ಗಂಡನನ್ನು ನೋಡಿದಳು. ಅವನು ಟೋಪಿಯ ಅಂಚು ನೋಡುತ್ತಿದ್ದ.

"ಸುಳ್ಳು," ಎಂದಳು ಅವಳು. ಮುಂದಕ್ಕೆ ಹೇಳುವಷ್ಟರಲ್ಲಿ ಮತ್ತೆ ಕೋಲು ಕುಟ್ಟಿದ ಸದ್ದಾಯಿತು.

ಯಜಮಾನ ಲಿಕೇಜೊಳನ್ನು ಕರೆದ. "ನೀನು ಸಮಿತಿಯೋಳು. ಫೋಟೋ ನೋಡಿದೀಯ. ಮರಿನೋ, ಎರೆನೋ?"

ಖಾಕಿ ಅಂಗಿಯ ಹುಡುಗಿ ಎದ್ದು ನಿಂತಳು. ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು, ತನ್ನ ಬೂಟು ನೋಡಿಕೊಂಡಳು.

"ಫೋಟೋ ಮಸುಕಾಗಿದೆ ಯಜಮಾನ್ರೆ. ಗೊತ್ತಾಗಲ್ಲ."

ಮುಂದಿನ ನೆರೆ ಬರುವ ತನಕ ಹಲಗೆ ಇರಲಿ ಎಂದು ತೀರ್ಮಾನವಾಯಿತು. ದಾರಿಯಲ್ಲಿ ನಸಿಲೆಲೆಯ ಜೊತೆ ಯಾರೂ ನಡೆಯಲಿಲ್ಲ. ಗಂಡನ ಮಾತು ಚಾಕುವಿನಂತೆ ಇರಿದಿತ್ತು, ಮಗಳ ಮಾತು ಆ ಚಾಕುವನ್ನು ತಿರುಗಿಸಿತು.

ಮೂರನೆಯ ದಿನ, ಬಿಸಿಲು ಚೆನ್ನಾಗಿ ಏರಿದ ಮೇಲೆ, ಎಲ್ಲರೂ ನೋಡುವಂತೆ, ಅವಳು ಬುಟ್ಟಿ ತಲೆಯ ಮೇಲಿಟ್ಟುಕೊಂಡು ಊರ ನಡುವೆ ನಡೆದಳು. ಹಿಂದೆ ಕೋಲೂರಿಕೊಂಡು ಅತ್ತೆ ಬಂದಳು, ಯಾರೂ ಕರೆದಿರಲಿಲ್ಲ. ಅವರ ಹಿಂದೆ, ಸ್ವಲ್ಪ ದೂರ ಬಿಟ್ಟು, ಕಹುಂದು ಮತ್ತು ಉಳಿದವರು. ಯಾರ ಕೈಯಲ್ಲೂ ಬುಟ್ಟಿ ಇರಲಿಲ್ಲ, ನೋಡಲು ಬಂದಿದ್ದರು.

ನಸಿಲೆಲೆ ಹಲಗೆಯ ಪಕ್ಕದಲ್ಲೇ ಹಾದು, ಮೊಸಳೆ ಇದ್ದರೆ ಸರಿಯಲಿ ಎಂದು ಗಳದಿಂದ ನೀರು ಬಡಿದು, ಮೊಣಕಾಲು, ತೊಡೆ, ಸೊಂಟದ ತನಕ ಇಳಿದಳು. ಮೊದಲು ಇಳಿಯಬೇಕಾದವಳು ತಾನು, ಇಳಿದಿದ್ದಳು. ಹಿಂದೆ ಯಾರೂ ಇರಲಿಲ್ಲ. ಬುಟ್ಟಿ ಕುಕ್ಕಿದಳು, ಎತ್ತಿದಳು, ಕುಕ್ಕಿದಳು. ಮೂರನೆಯ ಸಲಕ್ಕೆ ಒಳಗೆ ಏನೋ ಬಡಿಯಿತು.

"ಅಮ್ಮ, ಹೊರಗೆ ಬಾ!" ಲಿಕೇಜೊ ದಡದ ಮೇಲೆ ಏದುತ್ತ ನಿಂತಿದ್ದಳು. ಕಂಕುಳಲ್ಲಿ ಪುಸ್ತಕ. "ಯಾರೋ ಸಮಿತಿಗೆ ಹೇಳಿದಾರೆ. ನಾನು ಬುಟ್ಟಿ ತಗೊಳ್ಳೇಬೇಕು. ದಮ್ಮಯ್ಯ, ಬಾ."

"ನೀನೇ ಬಂದು ತಗೊ."

ಹುಡುಗಿ ಬೂಟು ಬಿಚ್ಚಿ, ಪುಸ್ತಕ ಅಜ್ಜಿಯ ಮಡಿಲಿಗೆ ಹಾಕಿ, ಖಾಕಿ ಬಟ್ಟೆಯಲ್ಲೇ ನೀರಿಗಿಳಿದಳು. ನಸಿಲೆಲೆ ಅವಳ ಕೈ ಹಿಡಿದು ಬುಟ್ಟಿಯ ತೂತಿನೊಳಗೆ ತೂರಿಸಿದಳು.

"ಮೀನು ಸಿಕ್ತಾ? ಗದ್ದ ಮೆಲ್ಲಗೆ ಒತ್ತು. ಮೇಲೆ ಎತ್ತಬೇಡ."

ಲಿಕೇಜೊ ಒತ್ತಿದಳು. ಬೆರಳ ಸಂದಿಯಲ್ಲಿ ಏನೋ ಜುಳುಜುಳು ಹರಿದು ಹೋಯಿತು. ಅವಳ ಮೈ ಜುಮ್ಮೆಂದಿತು. "ಅಮ್ಮ, ಹೊರಗೆ ಬಂದ್ಬಿಟ್ವು! ಏನ್ ಮಾಡ್ಲಿ?"

"ಕೈ ತೆಗಿ. ಬುಟ್ಟಿ ಅಲ್ಲಾಡಿಸಬೇಡ. ಈಗ ತಾಯಿನೂ ಮರಿನೂ ಒಳಗೇ ಇದಾವೆ. ಬೇರೆ ಮೀನು ಬರಕ್ಕಾಗಲ್ಲ. ಹೆದರಿಕೆ ಇಳಿದ್ಮೇಲೆ ಅದೇ ಒಂದೊಂದಾಗಿ ಬಾಯಿಗೆ ತಗೊಳುತ್ತೆ. ಆಮೇಲೆ ಬುಟ್ಟಿ ಎತ್ತು."

"ಎಷ್ಟೊತ್ತು?"

ದಡದಿಂದ ಮುದುಕಿ ನಶ್ಯದ ಡಬ್ಬಿ ಎತ್ತಿ ತೋರಿಸಿದಳು. "ನಾನು ಮೂರು ಸಲ ಏರಿಸೋವಷ್ಟೊತ್ತು. ಅವಸರ ಮಾಡ್ಬೇಡ."

ಅಷ್ಟರಲ್ಲಿ ನದಿಯ ಕಡೆಯ ಆಪಿನ ಹುಲ್ಲು ಸೀಳಿಕೊಂಡು ಮೋಟಾರು ದೋಣಿ ಬಂತು. ಮುಂದೆ ಹಸಿರು ಟೋಪಿ, ಹಿಂದೆ ಬಿಳಿ ಟೋಪಿ. ಮಾಟೆಂಗು ಹೆಂಡತಿಯನ್ನು ನೋಡಿ ದಂಗಾದ. ಅತಿಥಿ ಏನೋ ಕೇಳಿದ, ಕತ್ತು ಚಾಚಿ ಬುಟ್ಟಿಯ ಕಡೆ ನೋಡಿದ.

"ಲಿಕೇಜೊ! ನೋಡ್ತಾ ನಿಂತಿದೀಯಲ್ಲ, ಬುಟ್ಟಿ ಎತ್ತು!"

"ತಾಳಪ್ಪ."

"ಅತಿಥಿ ಇದಾರೆ, ಮರ್ಯಾದೆ ಹೋಗ್ತಿದೆ. ಎತ್ತು ಅಂದೆ!"

"ತಾಳು ಅಂದ್ನಲ್ಲಪ್ಪ!"

ಮುದುಕಿ ಒಂದು ಸಲ ಏರಿಸಿದಳು. ಎರಡನೆಯ ಸಲ. ಹುಡುಗಿ ಎರಡೂ ಕೈಯಲ್ಲಿ ಬುಟ್ಟಿ ಒತ್ತಿ ಹಿಡಿದು, ತೂತಿನಲ್ಲಿ ಕಣ್ಣಿಟ್ಟು ನಿಂತಿದ್ದಳು. ಮೂರನೆಯ ಸಲ ಮುದುಕಿ ಸೀನಿದಳು. ಬುಟ್ಟಿಯ ಒಳಗಿನ ನೀರು ತಿಳಿಯಾಗಿತ್ತು. ಲಿಕೇಜೊ ಬುಟ್ಟಿಯನ್ನು ಓರೆ ಮಾಡಿದಳು, ಕೆನ್ನೆ ಉಬ್ಬಿಸಿಕೊಂಡ ತಾಯಿಮೀನು ನಿಧಾನಕ್ಕೆ ಜಾರಿಹೋಯಿತು.

ಆಮೇಲೆ ಅವಳು ಬುಟ್ಟಿಯನ್ನು ಹೊತ್ತು ದಡಕ್ಕೆ ನಡೆದಳು. ಪುಸ್ತಕ ತೆರೆದು ಬರೆಯುವಾಗ ಕಣ್ಣೀರು ಹಾಳೆಯ ಮೇಲೆ ಬಿತ್ತು.

"ಹೆಸರು ಸರಿಯಾಗಿ ಬರಿ," ಎಂದಳು ನಸಿಲೆಲೆ. "ಆ ಬುಟ್ಟಿ ನಿನ್ನ ಅಜ್ಜಿಯ ಅತ್ತೇದು. ಅಜ್ಜಿ ಇಟ್ಕೊಂಡ್ಲು, ನಂಗೆ ಕೊಟ್ಲು. ಈಗ ನೀನು ತಗೊಂಡೆ. ನಾನಾಗಿ ಕೊಡ್ಬೇಕು ಅಂತಿದ್ದೆ, ನೀನು ಹೀಗೆ ತಗೊಂಡೆ."

ಕಹುಂದು ಹತ್ತಿರ ಬಂದು, ನಸಿಲೆಲೆಯ ಒದ್ದೆ ಬಟ್ಟೆಯ ತುದಿ ಹಿಂಡಿಕೊಟ್ಟಳು.

ಆ ಸಂಜೆ ಮುಟೋಂಗಾ ತನ್ನ ಮಣೆ ಎತ್ತಿಕೊಂಡು ಬಂದು ಸೊಸೆಯ ಒಲೆಯ ಆಚೆ ಹಾಕಿದಳು. ಮನೆಯಲ್ಲಿ ಒಣಮೀನು ಒಂದೇ ಇತ್ತು. ನಸಿಲೆಲೆ ಸಾರು ಮಾಡಿ ಮುದ್ದೆ ತಿರುವಿದಳು. ಮಾಟೆಂಗು ಬಂದು ಟೋಪಿ ಮೊಳೆಗೆ ಹಾಕಿ ಕೂತ. ಬೈಯುತ್ತಾನೆಂದು ಎಲ್ಲರೂ ಕಾದರು. ಅವನು ಮುದ್ದೆ ಮುರಿದು ಸಾರಿಗೆ ಅದ್ದಿ, ಬಾಯಿಗಿಡದೆ ಕೈಯಲ್ಲೇ ಹಿಡಿದುಕೊಂಡ.

"ಆ ಅತಿಥಿ ದಾರಿಯುದ್ದಕ್ಕೂ ಅದನ್ನೇ ಕೇಳ್ತಿದ್ದ ಕಣೆ," ಎಂದ. ದನಿ ಮೆತ್ತಗಿತ್ತು, ಜೂನ್ ತಿಂಗಳಲ್ಲಿದ್ದ ಹಾಗೇ ಇತ್ತು. "ಬುಟ್ಟಿ ಮುಚ್ಚಿ ಕಾಯೋದು. ಕೋಬಸ್ಸಿಗೂ ಹೇಳ್ದ, ಅವನಿಗೆ ತುಂಬಾ ಹಿಡಿಸ್ತು. ಅದನ್ನ ನೀನು ಹೇಳ್ಲೇ ಇಲ್ವಲ್ಲ. ಎಷ್ಟೊತ್ತು ಕಾಯಬೇಕು? ಮರಿ ಎಲ್ಲಾ ಬಾಯೊಳಗೆ ಹೋಯ್ತು ಅಂತ ಹೇಗೆ ಗೊತ್ತಾಗುತ್ತೆ?"

ನಸಿಲೆಲೆ ಅವನನ್ನು ಸರಿಯಾಗಿ ನೋಡಿದಳು. ಕ್ಷಮೆ ಕೇಳಲು ತೆರೆದ ಬಾಯಲ್ಲ ಅದು. ಖುತಾದಲ್ಲಿ ಆಡಿದ್ದು ಅವನಿಗೆ ನೆನಪೂ ಇದ್ದಂತಿರಲಿಲ್ಲ. ಒಂದು ಹೆಜ್ಜೆ ಸಿಕ್ಕಿದೆ, ಮುಂದಿನ ಹೆಜ್ಜೆ ಎಲ್ಲಿ ಎಂದು ಹುಲ್ಲಿನಲ್ಲಿ ಹುಡುಕುತ್ತಿದ್ದಾನೆ, ಅಷ್ಟೇ.

"ನಂಗೆ ಗೊತ್ತಿಲ್ಲ," ಎಂದಳು.

"ಗೊತ್ತಿಲ್ಲ ಅಂದ್ರೆ? ಅಮ್ಮ, ನೀನಾದ್ರೂ ಹೇಳು."

ಹತ್ತು ಮನೆಯಾಚೆ ಪಿಸುಗುಟ್ಟಿದರೂ ಕೇಳಿಸಿಕೊಳ್ಳುವ ಮುದುಕಿ ಕಿವಿಗೆ ಕೈ ಹಿಡಿದಳು. "ಏನಂದ್ಯೋ ಮಗಾ? ಈಚೆಗೆ ಒಂದೂ ಕೇಳ್ಸಲ್ಲ ನಂಗೆ."

ಮಾಟೆಂಗು ಮಗಳ ಕಡೆ ತಿರುಗಿದ. ಅವಳ ಮೇಲೆ ಅವನಿಗೆ ಅನುಮಾನವೇ ಇರಲಿಲ್ಲ. "ಲಿಕೇಜೊ, ನೀನು ಒಳಗೇ ನೋಡ್ತಿದ್ದೆಯಲ್ಲ. ಎಷ್ಟೊತ್ತಾಯ್ತು? ಏನು ಗುರುತು?"

ಲಿಕೇಜೊ ತಲೆ ಎತ್ತಿದಳು. ಒಲೆಯಾಚೆ ಅಮ್ಮ ಸೌಟು ಹಿಡಿದು ನಿಂತಿದ್ದಳು, ಕಣ್ಣು ಸಾರಿನ ಮೇಲೆ. ಮಗಳಿಂದ ಏನನ್ನೂ ಕೇಳುವ ಮುಖ ಅಲ್ಲ ಅದು, ಕೇಳುವುದನ್ನು ಬಿಟ್ಟ ಮುಖ.

"ನೋಡ್ಲಿಲ್ಲಪ್ಪ," ಎಂದಳು ಲಿಕೇಜೊ. "ನೀರು ಮಸುಕಾಗಿತ್ತು. ಏನೂ ಗೊತ್ತಾಗ್ಲಿಲ್ಲ."

ಮಾಟೆಂಗು ಕೈಯಲ್ಲಿದ್ದ ಮುದ್ದೆಯನ್ನು ಬಾಯಿಗಿಟ್ಟುಕೊಂಡ. ನಸಿಲೆಲೆ ಅತ್ತೆಯ ಕಡೆ ನೋಡಿದಳು, ಅತ್ತೆ ಗದ್ದ ಅಲ್ಲಾಡಿಸಿ ಹೂಂ ಎಂದಳು. ನಸಿಲೆಲೆ ಸಾರಿನಿಂದ ಮೀನಿನ ತಲೆ ಹುಡುಕಿ ತೆಗೆದು ಮಗಳ ತಟ್ಟೆಗೆ ಹಾಕಿದಳು.